ಓದುಗರ ಪ್ರಶ್ನೆ: ಕಾರು ಇನ್ಶೂರೆನ್ಸ್‌ಗೆ ಮನೆ ಅಡ್ರೆಸ್ ತೋರಿಸುವುದು ಹೇಗೆ?

ಕಾರಿನ ಇನ್ಶೂರೆನ್ಸ್ ಬಗ್ಗೆ ಏನೇ ಅನುಮಾನ ಇದ್ದರೂ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಮನೆ ವಿಳಾಸದ ತಕರಾರು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದು ಸಹಜವೇ. ಹುಟ್ಟಿದ ಊರು ಒಂದು, ನೌಕರಿ ಇನ್ನೊಂದು ಊರಲ್ಲಿ, ಮನೆ ಬಾಡಿಗೆಯದು, ಕಾರು ತಗೊಂಡಿದ್ದು ಬೆಂಗಳೂರಲ್ಲೋ ಆದೋನಿಯಲ್ಲೋ. ನಾನು ವಿಮೆ ಕಚೇರಿಯ ಕೌಂಟರಿನಲ್ಲಿ ಬಹಳ ವರ್ಷ ಕೂತವನು. ಒಂದು ಕಾಗದ ಸಿಗಲಿಲ್ಲ ಅಂತ ಪಾಲಿಸಿ ಬಿಟ್ಟುಬಿಟ್ಟವರನ್ನು ನೋಡಿದ್ದೇನೆ. ಏಜೆಂಟ್ ಹೇಳಿದ ಅಂತ ಯಾವುದೋ ವಿಳಾಸ ಬರೆಸಿ, ಅಪಘಾತ ಆದಮೇಲೆ ಕಷ್ಟಪಟ್ಟವರನ್ನೂ ನೋಡಿದ್ದೇನೆ. ಅದಕ್ಕೇ ಈ ಸಲದ ಪೂರ್ತಿ ಜಾಗ ಈ ವಿಷಯಕ್ಕೇ.

ಪ್ರಶ್ನೆ: ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಆಧಾರ್, ವೋಟರ್ ಕಾರ್ಡ್ ಎಲ್ಲಾ ಸುರಪುರ ತಾಲ್ಲೂಕಿನ ನಮ್ಮ ಹಳ್ಳಿಯವು. ಈ ಸಲ ಕಾರಿನ ಇನ್ಶೂರೆನ್ಸ್ ಬೇರೆ ಕಂಪನಿಯಲ್ಲಿ ಮಾಡಿಸಲು ಹೋದರೆ ಈಗಿನ ವಿಳಾಸಕ್ಕೆ ದಾಖಲೆ ಕೊಡಿ ಅಂದರು. ಕರೆಂಟ್ ಬಿಲ್ ಓನರ್ ಹೆಸರಲ್ಲಿದೆ. ಬಾಡಿಗೆ ಕರಾರು ಬರೆದುಕೊಡಲು ಅವರು ಒಪ್ಪುತ್ತಿಲ್ಲ. ರೇಷನ್ ಕಾರ್ಡ್ ಕೊಟ್ಟರೆ ಅದು ನಡೆಯಲ್ಲ ಅಂದರು. ಪಾಲಿಸಿ ಮುಗಿಯಲು ಹತ್ತೇ ದಿನ ಇದೆ.
— ಒಬ್ಬ ಓದುಗ, ಬಳ್ಳಾರಿ

ಉತ್ತರ: ಸರ್, ಮೊದಲು ತಾರೀಖು ಉಳಿಸಿಕೊಳ್ಳಿ. ವಿಳಾಸ ಸರಿಮಾಡಲು ಆಮೇಲೂ ಟೈಮ್ ಇದೆ. ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿ ತುಂಬುವ ವಿಮೆ) ಇಲ್ಲದೆ ಗಾಡಿ ರಸ್ತೆಗೆ ತಂದರೆ ಮೊದಲ ಸಲ 2000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4000. ಜೈಲಿಗೂ ಕಾನೂನಿನಲ್ಲಿ ಅವಕಾಶ ಇದೆ. ದಂಡ ಹೋಗಲಿ, ಪಾಲಿಸಿ ಮುಗಿದ ಮಾರನೇ ದಿನ ಯಾರಿಗಾದರೂ ಗುದ್ದಿದರೆ ಪೂರ್ತಿ ಪರಿಹಾರ ನಿಮ್ಮ ಕೈಯಿಂದಲೇ ಹೋಗಬೇಕಾಗುತ್ತದೆ. ಇನ್ನು ಪಾಲಿಸಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆ ಆಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ ಬಂದವರಿಗೆ ಅದು 50 ಪರ್ಸೆಂಟ್ ಇರುತ್ತದೆ, ಒಂದು ಕಾಗದಕ್ಕಾಗಿ ಅದನ್ನು ಕಳಕೊಳ್ಳಬಾರದು. ಹೊಸ ಕಂಪನಿ ಹತ್ತು ದಿನದಲ್ಲಿ ಒಪ್ಪುವ ಲಕ್ಷಣ ಕಾಣದಿದ್ದರೆ ಈ ವರ್ಷ ಹಳೆ ಕಂಪನಿಯಲ್ಲೇ ರಿನ್ಯೂ ಮಾಡಿಸಿ. ಅವರ ಬಳಿ ನಿಮ್ಮ ದಾಖಲೆ ಮೊದಲೇ ಇರುತ್ತವೆ.

ಈಗ ವಿಷಯಕ್ಕೆ ಬರೋಣ. ಕಂಪನಿ ಇಷ್ಟೆಲ್ಲಾ ಕೇಳುವುದಕ್ಕೆ ಕಾರಣ ಕೆವೈಸಿ, ಅಂದರೆ ಗ್ರಾಹಕ ಯಾರು, ಎಲ್ಲಿರುವವರು ಅಂತ ದಾಖಲೆ ನೋಡಿ ಖಚಿತ ಮಾಡಿಕೊಳ್ಳುವುದು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ 2023ರ ಜನವರಿ 1ರಿಂದ ಹೊಸದಾಗಿ ತಗೊಳ್ಳುವ ಪ್ರತಿ ಪಾಲಿಸಿಗೂ ಕೆವೈಸಿ ಕಡ್ಡಾಯ, ಪ್ರೀಮಿಯಂ ಎಷ್ಟೇ ಇರಲಿ. ಕಂಪನಿ ಬದಲಾಯಿಸಿದರೆ ನೀವು ಅವರಿಗೆ ಹೊಸ ಗ್ರಾಹಕ, ಹಾಗಾಗಿ ಎಲ್ಲಾ ಮೊದಲಿನಿಂದ. ಅದಕ್ಕೆ ಒಪ್ಪಿತವಾದ ದಾಖಲೆಗಳ ಪಟ್ಟಿ ಚಿಕ್ಕದು. ಆಧಾರ್, ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ, ಇಷ್ಟೇ. ರೇಷನ್ ಕಾರ್ಡ್ ಇದರಲ್ಲಿಲ್ಲ, ಆ ಮಟ್ಟಿಗೆ ಅವರು ಹೇಳಿದ್ದು ಸರಿ. ನಾಡಕಚೇರಿಯ ವಾಸಸ್ಥಳ ಪತ್ರವೂ ಈ ಪಟ್ಟಿಯಲ್ಲಿಲ್ಲ. ಸುಮ್ನೆ ಅದಕ್ಕಾಗಿ ಅಲೆಯಬೇಡಿ.

ಆದರೆ ನಿಮ್ಮ ಆಧಾರ್ ಹಳ್ಳಿಯದು ಅನ್ನುವುದು ದೊಡ್ಡ ಅಡ್ಡಿ ಅಲ್ಲ. ಆಧಾರ್ ಮೂಲಕ ಕೆವೈಸಿ ಮಾಡಿಸುವವರ ಈಗಿನ ವಿಳಾಸ ಬೇರೆ ಇದ್ದರೆ, ನಾನು ಈಗ ಇಂಥ ಕಡೆ ಇದ್ದೇನೆ ಅಂತ ಸ್ವಯಂ ಘೋಷಣೆ ಬರೆದುಕೊಡಬಹುದು. ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಲ್ಲೇ ಈ ಅವಕಾಶ ಇದೆ. ಕೌಂಟರಿನಲ್ಲಿ ಕೂತ ಹುಡುಗನಿಗೆ ಇದು ಗೊತ್ತಿಲ್ಲದೇ ಇರಬಹುದು, ಅವನ ಜೊತೆ ಜಗಳ ಬೇಡ. ಶಾಶ್ವತ ವಿಳಾಸ ಅಂತ ಹಳ್ಳಿಯದು, ಪತ್ರ ವ್ಯವಹಾರದ ವಿಳಾಸ ಅಂತ ಗಾಂಧಿನಗರದ್ದು ಹಾಕಿ, ಕಂಪನಿಗೆ ಒಂದು ಇಮೇಲ್ ಕಳಿಸಿ. ಯಾವ ದಾಖಲೆ ಬೇಕು, ಯಾವ ನಿಯಮದ ಪ್ರಕಾರ ಅಂತ ಬರಹದಲ್ಲಿ ಕೇಳಿ. ಬಾಯಲ್ಲಿ ಇಲ್ಲ ಅಂದವರು ಬರಹದಲ್ಲಿ ಕೇಳಿದಾಗ ಒಂದು ಸಲ ಪುಸ್ತಕ ತೆಗೆದು ನೋಡುತ್ತಾರೆ.

ನಿಮ್ಮ ದಾಖಲೆಯಲ್ಲಿ ಹಳೇ ವಿಳಾಸ ಇದ್ದಾಗ ವಿಳಾಸಕ್ಕೆ ಮಾತ್ರ ಅಂತ ಕೆಲವು ಕಾಗದ ನಡೆಯುತ್ತವೆ. ಎರಡು ತಿಂಗಳೊಳಗಿನ ಕರೆಂಟ್, ನೀರು, ಲ್ಯಾಂಡ್‌ಲೈನ್, ಪೋಸ್ಟ್‌ಪೇಯ್ಡ್ ಮೊಬೈಲ್ ಅಥವಾ ಪೈಪ್ ಗ್ಯಾಸ್ ಬಿಲ್, ಮನೆ ಕಂದಾಯದ ರಶೀದಿ, ಸರ್ಕಾರಿ ನಿವೃತ್ತರ ಪಿಂಚಣಿ ಆದೇಶ. ಇವನ್ನು ಕೊಟ್ಟರೆ ಮೂರು ತಿಂಗಳೊಳಗೆ ಹೊಸ ವಿಳಾಸ ಇರುವ ಆಧಾರ್ ಅಥವಾ ವೋಟರ್ ಕಾರ್ಡ್ ಒಪ್ಪಿಸಬೇಕು. ಪೈಪ್ ಗ್ಯಾಸ್ ಅಂತ ಹೇಳಿದೆನಲ್ಲ, ಸಿಲಿಂಡರ್ ಪುಸ್ತಕ ಅದಕ್ಕೆ ಸಮ ಅಲ್ಲ. ಜೆಸ್ಕಾಂ ಕರೆಂಟ್ ಬಿಲ್ ನಿಮ್ಮ ಹೆಸರಲ್ಲೇ ಇರಬೇಕು. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದರೂ ಬಿಲ್ಲಿನ ಮೇಲೆ ಬರುವುದು ಓನರ್ ಹೆಸರೇ. ಹಾಗಾಗಿ ಬಾಡಿಗೆದಾರರಿಗೆ ನಾನು ಹೇಳುವ ಸುಲಭದ ದಾರಿ ಪೋಸ್ಟ್‌ಪೇಯ್ಡ್ ಸಿಮ್. ಇರುವ ನಂಬರನ್ನೇ ಪೋಸ್ಟ್‌ಪೇಯ್ಡ್ ಮಾಡಿಸಿ, ಬಿಲ್ಲಿಗೆ ಬಳ್ಳಾರಿ ವಿಳಾಸ ಹಾಕಿಸಿದರೆ ಮೊದಲ ಬಿಲ್ ಬಂದಾಗಲೇ ನಿಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಜನ ತಿಳಿದಿಲ್ಲ. ಖಾಸಗಿ ಮನೆಯ ಬಾಡಿಗೆ ಕರಾರು ಆ ಪಟ್ಟಿಯಲ್ಲಿ ಹೆಸರಿಸಿದ ದಾಖಲೆ ಅಲ್ಲ. ಕೆಲವು ಕಂಪನಿ ತಗೊಳ್ಳುತ್ತವೆ, ಕೆಲವು ತಗೊಳ್ಳಲ್ಲ. ಅದರ ನಿಜವಾದ ಉಪಯೋಗ ಆಧಾರ್ ವಿಳಾಸ ಬದಲಿಸಲು, ಅದೂ ನೋಂದಣಿ ಆಗಿದ್ದರೆ ಹೆಚ್ಚು ಗಟ್ಟಿ. ಆದ್ದರಿಂದ ಓನರ್ ಒಪ್ಪಲಿಲ್ಲ ಅಂತ ಎದೆಗುಂದಬೇಡಿ. ಆಧಾರ್ ಬದಲಿಸಲು ಬೇರೆ ದಾರಿಯೂ ಇದೆ. ಗೆಜೆಟೆಡ್ ಅಧಿಕಾರಿ, ಶಾಸಕರು ಅಥವಾ ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲೇ ಫೋಟೊ ಅಂಟಿಸಿ ಸಹಿ ಮಾಡಿ ಕೊಟ್ಟರೆ ನಡೆಯುತ್ತದೆ. ಲೆಟರ್‌ಹೆಡ್‌ನಲ್ಲಿ ತಮ್ಮದೇ ಮಾತಲ್ಲಿ ಬರೆದುಕೊಟ್ಟರೆ ವಾಪಸ್ ಬರುತ್ತದೆ, ನಮೂನೆ ಮುಖ್ಯ. ನಿಮ್ಮದೇ ಕಾಲೇಜಿನ ಪಕ್ಕದ ಸರ್ಕಾರಿ ಕಾಲೇಜಿನಲ್ಲಿ ಗೆಜೆಟೆಡ್ ಪ್ರಾಂಶುಪಾಲರು ಇದ್ದೇ ಇರುತ್ತಾರೆ, ವಿನಯದಿಂದ ಕೇಳಿ.

ಓನರ್ ಜೊತೆಗೂ ಇನ್ನೊಂದು ಸಲ ಮಾತಾಡಿ. ಕರಾರು ಬರೆದರೆ ಮನೆ ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ಹಿರಿಯರಿಗೆ ಇರುತ್ತದೆ. ಹನ್ನೊಂದು ತಿಂಗಳ ಕರಾರು, ಮುಗಿದ ಮೇಲೆ ಬಿಡುತ್ತೇನೆ ಅಂತ ಅದರಲ್ಲೇ ಬರೆದಿರುತ್ತದೆ, ಅದು ನಿಮಗೇ ರಕ್ಷಣೆ ಅಂತ ಓದಿ ತೋರಿಸಿ. ಒಪ್ಪುವವರು ಬಹಳ ಜನ ಇದ್ದಾರೆ.

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರದ ಒಂದು ಕ್ಯಾಂಪ್. ಭತ್ತದ ಗದ್ದೆ, ಗದ್ದೆಯಲ್ಲೇ ಮನೆ. ಮನೆಗೆ ಡೋರ್ ನಂಬರ್ ಇಲ್ಲ, ಬೀದಿಗೆ ಹೆಸರಿಲ್ಲ. ಆನ್‌ಲೈನ್‌ನಲ್ಲಿ ಪಾಲಿಸಿ ಮಾಡಲು ಹೋದರೆ ಮನೆ ನಂಬರ್, ಬೀದಿ ಹಾಕದೆ ಮುಂದಕ್ಕೆ ಹೋಗಲ್ಲ. ಏಜೆಂಟ್ ಗಂಗಾವತಿಯಲ್ಲಿರುವ ತನ್ನ ಅಂಗಡಿ ವಿಳಾಸ ಹಾಕುತ್ತೇನೆ ಅನ್ನುತ್ತಾನೆ. ಹಾಕಿಸಲೇ?
— ಒಬ್ಬ ರೈತ, ಕೊಪ್ಪಳ ಜಿಲ್ಲೆ

ಉತ್ತರ: ಬೇಡ ಅಣ್ಣ, ಖಂಡಿತ ಬೇಡ. ಏಜೆಂಟನ ಅಂಗಡಿ ನಿಮ್ಮ ಮನೆ ಅಲ್ಲ. ನಾಳೆ ಅವನು ಕೆಲಸ ಬಿಟ್ಟರೆ ಕಂಪನಿಯ ಕಾಗದ ಎಲ್ಲಿಗೆ ಹೋಗುತ್ತದೆ? ಗಾಡಿ ಕಳುವಾಯಿತು ಅಂತ ಕ್ಲೇಮ್ ಹಾಕಿದರೆ ತನಿಖೆಗೆ ಬಂದವರು ಮೊದಲು ಹೋಗುವುದು ಪಾಲಿಸಿಯಲ್ಲಿರುವ ವಿಳಾಸಕ್ಕೆ. ಅಲ್ಲಿ ಇವರು ಯಾರೋ ಗೊತ್ತಿಲ್ಲ ಅಂದರೆ ನಿಮ್ಮ ನ್ಯಾಯವಾದ ಕ್ಲೇಮಿನ ಮೇಲೂ ಅನುಮಾನ ಬರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಇಂಥ ಕ್ಯಾಂಪುಗಳು ಎಷ್ಟೋ ಹುಟ್ಟಿದವು. ಎರಡು ಮೂರು ತಲೆಮಾರು ಕಳೆದರೂ ಎಷ್ಟೋ ಮನೆಗಳಿಗೆ ನಂಬರ್ ಫಲಕ ಬಂದಿಲ್ಲ. ಅಷ್ಟಕ್ಕೇ ನಿಮಗೆ ವಿಳಾಸ ಇಲ್ಲ ಅಂತ ಅಲ್ಲ. ಗ್ರಾಮ ಪಂಚಾಯ್ತಿಯ ಪುಸ್ತಕದಲ್ಲಿ ನಿಮ್ಮ ಮನೆ ಇದ್ದರೆ ಅದಕ್ಕೊಂದು ಆಸ್ತಿ ನಂಬರ್ ಇದ್ದೇ ಇರುತ್ತದೆ. ಮನೆ ಕಂದಾಯ ಕಟ್ಟಿದ ರಶೀದಿ ನೋಡಿ, ಅದರಲ್ಲಿ ಸಿಗುತ್ತದೆ. ಇ-ಸ್ವತ್ತು (ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ) ಆಗಿದ್ದರೆ ನಮೂನೆ 9ರಲ್ಲೋ 11ಬಿಯಲ್ಲೋ ಇರುತ್ತದೆ. ಆ ನಂಬರನ್ನೇ ಮನೆ ನಂಬರಿನ ಜಾಗದಲ್ಲಿ ಹಾಕಿ. ಬೀದಿ ಅನ್ನುವ ಕಡೆ ಕ್ಯಾಂಪಿನ ಹೆಸರು, ಮುಂದೆ ಪಂಚಾಯ್ತಿ, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್. ನಿಮಗೆ ಅಂಚೆ ತರುವ ಪೋಸ್ಟ್‌ಮ್ಯಾನ್ ಯಾವ ಅಂಚೆ ಕಚೇರಿಯವರು ಅಂತ ಕೇಳಿಕೊಂಡು ಅದರ ಪಿನ್ ಹಾಕಿ. ಗಂಗಾವತಿ ಪಟ್ಟಣದ್ದು 583227 ಅಂತ ಅದನ್ನೇ ಎಲ್ಲರೂ ಹಾಕಿಬಿಡುತ್ತಾರೆ. ಕ್ಯಾಂಪುಗಳಿಗೆ ಬೇರೆ ಇರಬಹುದು.

ಕಂದಾಯದ ರಶೀದಿ ವಿಳಾಸಕ್ಕೆ ನಡೆಯುವ ದಾಖಲೆ ಅಂತ ಮೇಲೆ ಹೇಳಿದ್ದೇನೆ. ಮನೆಯಲ್ಲಿ ಯಾರಾದರೂ ಉದ್ಯೋಗ ಖಾತ್ರಿಗೆ ಹೋಗಿ ಜಾಬ್ ಕಾರ್ಡ್ ಮಾಡಿಸಿದ್ದರೆ, ಅದರಲ್ಲಿ ನಿಮ್ಮ ಹೆಸರು ಇದ್ದು ಸರ್ಕಾರದ ಅಧಿಕಾರಿಯ ಸಹಿ ಇದ್ದರೆ, ಅದೂ ಪಾಸ್‌ಪೋರ್ಟಿನಷ್ಟೇ ಒಪ್ಪಿತ ದಾಖಲೆ. ಕಾರು ಇಟ್ಟವರು ಜಾಬ್ ಕಾರ್ಡ್ ತೋರಿಸುವುದೇ ಅಂತ ಸಂಕೋಚ ಬೇಡ.

ಆಧಾರ್‌ನಲ್ಲಿ ವಿಳಾಸ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಪಾಲಿಸಿಗೂ ಹಾಕಿ. ಕ್ಯಾಂಪಿನ ಹೆಸರು ಆಧಾರ್‌ನಲ್ಲಿ ಬಿಟ್ಟುಹೋಗಿದ್ದರೆ ಮೊದಲು ಅಲ್ಲಿ ಸೇರಿಸಿ. ಈಗ ಆಧಾರ್ ಕೇಂದ್ರದಲ್ಲಿ ವಿಳಾಸ ತಿದ್ದಲು 75 ರೂಪಾಯಿ. ಆಮೇಲೆ ಉಳಿದ ಕಡೆ ಎಲ್ಲಾ ಸಲೀಸು.

ಪ್ರಶ್ನೆ: ಲೈಸೆನ್ಸಿನಲ್ಲಿ ಹೊಸಪೇಟೆ ವಿಳಾಸ, ಬಳ್ಳಾರಿ ಜಿಲ್ಲೆ ಅಂತ ಹಳೇ ಸ್ಪೆಲಿಂಗಿನಲ್ಲಿದೆ. ಆಧಾರ್‌ನಲ್ಲಿ ವಿಜಯನಗರ ಜಿಲ್ಲೆ. ಈಗ ಇರುವುದು ಬಳ್ಳಾರಿ ಕಂಟೋನ್ಮೆಂಟಿನಲ್ಲಿ. ಕೆವೈಸಿ ಎರಡು ಸಲ ಫೇಲ್ ಆಯಿತು. ಜಿಲ್ಲೆ ಹೆಸರು ಕಾರಣವೇ?
— ಒಬ್ಬ ಗೃಹಿಣಿ, ಬಳ್ಳಾರಿ

ಉತ್ತರ: ಅಕ್ಕಾ, ಅದು ಕಾರಣ ಇರಲಿಕ್ಕಿಲ್ಲ. ಬಳ್ಳಾರಿ, ಹೊಸಪೇಟೆ ಸೇರಿ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ವಿಜಯನಗರ ಜಿಲ್ಲೆ ಬೇರೆ ಆದದ್ದು 2021ರಲ್ಲಿ. ಅದಕ್ಕಿಂತ ಹಿಂದೆ ಮಾಡಿಸಿದ ಕಾಗದದಲ್ಲಿ ಹಳೇ ಹೆಸರು ಇರುವುದು ತಪ್ಪಲ್ಲ, ಆ ಕಾಗದ ಅಮಾನ್ಯವೂ ಅಲ್ಲ. ಯಾರಾದರೂ ಅದನ್ನೇ ಹಿಡಿದು ತಕರಾರು ಮಾಡಿದರೆ ಎರಡರಲ್ಲೂ ಇರುವ ಪಿನ್ ಕೋಡ್ ತೋರಿಸಿ. ಹೊಸಪೇಟೆಗೆ 583201, ಬಳ್ಳಾರಿಗೆ 583101. ಜಿಲ್ಲೆ ಬದಲಾದರೂ ಪಿನ್ ಬದಲಾಗಲಿಲ್ಲ.

ಕೆವೈಸಿ ಫೇಲ್ ಆಗುವುದು ಜಾಸ್ತಿ ಹೆಸರು ಮತ್ತು ಹುಟ್ಟಿದ ತಾರೀಖಿನಿಂದ. ಕಂಪನಿಯ ಕಂಪ್ಯೂಟರ್ ನಿಮ್ಮ ಪಾನ್ ಮತ್ತು ಜನ್ಮ ದಿನಾಂಕ ಹಿಡಿದು ಕೇಂದ್ರ ಕೆವೈಸಿ ದಾಖಲೆಯಲ್ಲಿ ಹುಡುಕುತ್ತದೆ. ಬ್ಯಾಂಕ್ ಖಾತೆ ತೆರೆದಾಗ ಕೊಟ್ಟ ಹಳೇ ವಿಳಾಸ, ಹಳೇ ಹೆಸರು ಅಲ್ಲಿ ಕೂತಿರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಾನ್‌ನಲ್ಲಿ ತಂದೆ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಗಂಡನ ಹೆಸರು ಇರುತ್ತದೆ, ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಇದೇ ಕಾರಣಕ್ಕೆ ಸಾಲಲ್ಲಿ ನಿಂತ ಹೆಂಗಸರು ವಾಪಸ್ ಹೋಗುವುದು ನೋಡಿದಾಗೆಲ್ಲಾ ನನಗೆ ಬೇಜಾರಾಗುತ್ತದೆ. ತಪ್ಪು ಅವರದಲ್ಲವಲ್ಲ. ಪಾನ್, ಆಧಾರ್, ಲೈಸೆನ್ಸ್ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಹೆಸರು ಹೋಲಿಸಿ ನೋಡಿ. ಬೇರೆ ಇದ್ದರೆ ಆನ್‌ಲೈನ್ ಬಿಟ್ಟು ಶಾಖೆಗೆ ಹೋಗಿ, ಕಾಗದ ಕೊಟ್ಟು ಕೆವೈಸಿ ಮಾಡಿಸಿ. ಆಮೇಲೆ ನಿಧಾನವಾಗಿ ಮೂರರಲ್ಲೂ ಒಂದೇ ಹೆಸರು ಬರುವ ಹಾಗೆ ತಿದ್ದಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಇದ್ದಾಗ ತಗೊಂಡ ಕಾರು, ಕೆಎ 01. ಈಗ ಸಿಂಧನೂರಿಗೆ ಬಂದು ನೆಲೆಸಿದ್ದೇವೆ. ಸಿಂಧನೂರು ವಿಳಾಸ ಹಾಕಿದರೆ ಪ್ರೀಮಿಯಂ ಬಹಳ ಕಡಿಮೆ ಆಗುತ್ತದೆ ಅಂತ ಒಬ್ಬರು, ಬೆಂಗಳೂರು ವಿಳಾಸವೇ ಇರಲಿ ಇಲ್ಲದಿದ್ದರೆ ಆರ್‌ಸಿಗೆ ಹೊಂದಲ್ಲ ಅಂತ ಇನ್ನೊಬ್ಬರು.
— ಒಬ್ಬ ಶಿಕ್ಷಕಿ, ಸಿಂಧನೂರು

ಉತ್ತರ: ಟೀಚರ್, ನೀವು ನಿಜವಾಗಿ ಇರುವ ವಿಳಾಸ ಹಾಕಿ. ಪ್ರೀಮಿಯಂ ಲೆಕ್ಕ ಆಮೇಲೆ ತಾನಾಗಿ ಬರುತ್ತದೆ.

ಥರ್ಡ್ ಪಾರ್ಟಿ ಪ್ರೀಮಿಯಂ ದೇಶಕ್ಕೆಲ್ಲಾ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ 2094 ರೂಪಾಯಿ, 1000ದಿಂದ 1500 ಸಿಸಿಗೆ 3416, ಅದಕ್ಕಿಂತ ದೊಡ್ಡದಕ್ಕೆ 7897. ಜಿಎಸ್‌ಟಿ ವಿಷಯ ಬೇರೆ. ಇದರಲ್ಲಿ ಬೆಂಗಳೂರು, ಸಿಂಧನೂರು ಅನ್ನುವ ಭೇದ ಇಲ್ಲ, ಎಂಜಿನ್ ಎಷ್ಟು ದೊಡ್ಡದು ಅನ್ನುವುದಷ್ಟೇ. ಸ್ವಂತ ಗಾಡಿಗೆ ಆಗುವ ಹಾನಿಯ ಭಾಗ ಬೇರೆ. ಅದರ ದರ 2007ರಿಂದ ಕಂಪನಿಗಳೇ ನಿಗದಿ ಮಾಡುತ್ತವೆ. ಹಳೇ ದರಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ ಮುಂತಾದ ಎಂಟು ನಗರಗಳು ಎ ವಲಯ, ಉಳಿದ ದೇಶ ಬಿ ವಲಯ. ಆದರೆ ವಲಯ ತೀರ್ಮಾನ ಆಗುತ್ತಿದ್ದದ್ದು ಗಾಡಿ ಎಲ್ಲಿ ನೋಂದಣಿ ಆಗಿದೆ ಅನ್ನುವುದರ ಮೇಲೆ, ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ ಅಲ್ಲ. ಈಗಲೂ ಕಂಪನಿಗಳು ಮೊದಲು ನೋಡುವುದು ಆರ್‌ಟಿಒ ಯಾವುದು ಅಂತ. ಹಾಗಾಗಿ ವಿಳಾಸದ ಸಾಲು ಬದಲಿಸಿದ ಮಾತ್ರಕ್ಕೆ ಪ್ರೀಮಿಯಂ ಬಹಳ ಇಳಿಯುತ್ತದೆ ಅನ್ನುವುದು ಸುಳ್ಳು.

ಎರಡನೆಯವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆರ್‌ಸಿ ಮತ್ತು ಪಾಲಿಸಿಯಲ್ಲಿ ವಿಳಾಸ ಬೇರೆ ಇದ್ದರೆ ಪ್ರಶ್ನೆ ಬರಬಹುದು. ಅದಕ್ಕೆ ಪರಿಹಾರ ಪಾಲಿಸಿಯಲ್ಲಿ ಹಳೇ ವಿಳಾಸ ಇಡುವುದಲ್ಲ, ಆರ್‌ಸಿಯನ್ನೇ ತಿದ್ದಿಸುವುದು. ಮನೆ ಬದಲಿಸಿದ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತದೆ. ನಮೂನೆ 33 ತುಂಬಿ ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ನಿಮಗೆ ರಾಯಚೂರು ಆರ್‌ಟಿಒ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ರಾಜ್ಯ ಒಂದೇ ಆದ್ದರಿಂದ ಕೆಎ 01 ನಂಬರ್ ಬದಲಾಗುವುದಿಲ್ಲ. ತಿದ್ದಿದ ಆರ್‌ಸಿಯ ಪ್ರತಿ ಕಳಿಸಿದರೆ ಕಂಪನಿ ಪಾಲಿಸಿಗೆ ಎಂಡಾರ್ಸ್‌ಮೆಂಟ್, ಅಂದರೆ ತಿದ್ದುಪಡಿ ಪತ್ರ, ಹಾಕಿಕೊಡುತ್ತದೆ. ಅದನ್ನು ಪಾಲಿಸಿ ಜೊತೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ಶಕ್ತಿನಗರದ ಕ್ವಾರ್ಟರ್ಸ್‌ನಲ್ಲಿದ್ದೇವೆ. ಮನೆ ನಮ್ಮ ಯಜಮಾನರಿಗೆ ಕೊಟ್ಟಿದ್ದು, ಕಾರು ನನ್ನ ಹೆಸರಲ್ಲಿ. ನನ್ನ ಹೆಸರಲ್ಲಿ ಯಾವ ಬಿಲ್ಲೂ ಇಲ್ಲ.
— ಒಬ್ಬ ಓದುಗಿ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಯಜಮಾನರಿಗೆ ಸುಲಭ ಇತ್ತು. ಸರ್ಕಾರಿ ಸಂಸ್ಥೆ, ಸರ್ಕಾರಿ ಕಂಪನಿ, ಬ್ಯಾಂಕ್, ಷೇರು ಪೇಟೆಯಲ್ಲಿ ನೋಂದಾಯಿತ ಕಂಪನಿ ಕೊಟ್ಟ ಮನೆ ಹಂಚಿಕೆ ಪತ್ರ ವಿಳಾಸಕ್ಕೆ ನಡೆಯುತ್ತದೆ. ಶಕ್ತಿನಗರ, ಹಟ್ಟಿ, ದೋಣಿಮಲೈ, ತೋರಣಗಲ್ಲು ಕ್ವಾರ್ಟರ್ಸ್‌ನವರು ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಹೆಸರಿಗೆ ಆ ಪತ್ರ ಇಲ್ಲದ್ದರಿಂದ ಆಧಾರ್ ದಾರಿ ಹಿಡಿಯಿರಿ. ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಮೇಲೆ ವಿಳಾಸ ಬದಲಿಸುವ ಸೌಲಭ್ಯ 2023ರಿಂದ ಇದೆ. ಮೊದಲು ಅವರ ಆಧಾರ್ ಶಕ್ತಿನಗರದ್ದಾಗಿರಬೇಕು. ಮದುವೆ ಪ್ರಮಾಣಪತ್ರದಂಥ ಸಂಬಂಧ ತೋರಿಸುವ ದಾಖಲೆ ಹಾಕಿ ನೀವು ಆನ್‌ಲೈನ್‌ನಲ್ಲಿ ಅರ್ಜಿ ಕೊಟ್ಟರೆ ಅವರ ಮೊಬೈಲಿಗೆ ಸುದ್ದಿ ಹೋಗುತ್ತದೆ. ಅವರು 30 ದಿನದೊಳಗೆ ಒಪ್ಪಬೇಕು. ಮರೆತರೆ ಅರ್ಜಿ ರದ್ದು, ಕಟ್ಟಿದ ಹಣವೂ ಬರಲ್ಲ. ಅರ್ಜಿ ಹಾಕಿದ ದಿನವೇ ಪಕ್ಕದಲ್ಲಿ ಕೂರಿಸಿಕೊಂಡು ಒಪ್ಪಿಸಿಬಿಡಿ.

ಪ್ರಶ್ನೆ: ಆದೋನಿಯ ಸೋದರಮಾವನಿಂದ ಕಾರು ಕೊಂಡು ಒಂದೂವರೆ ವರ್ಷ ಆಯಿತು. ಎಪಿ 21 ನಂಬರ್, ಆರ್‌ಸಿ ಅವರ ಹೆಸರಲ್ಲೇ ಇದೆ. ಪಾಲಿಸಿಯನ್ನೂ ಅವರ ಹೆಸರಲ್ಲೇ ರಿನ್ಯೂ ಮಾಡುತ್ತಾ ಬಂದೆ. ಮೋಕಾ ಹತ್ತಿರ ಲಾರಿ ತಗುಲಿ ಬಾಗಿಲು ಪೂರ್ತಿ ಹೋಗಿದೆ. ಬಳ್ಳಾರಿಯಲ್ಲಿ ಇರುವ ನಿಮಗೂ ಆದೋನಿಯ ಪಾಲಿಸಿಗೂ ಏನು ಸಂಬಂಧ ಅಂತ ಕಂಪನಿ ಕೇಳುತ್ತಿದೆ. ನನ್ನ ವಿಳಾಸದ ದಾಖಲೆ ಕೊಟ್ಟರೆ ಕ್ಲೇಮ್ ಸಿಗುತ್ತದೆಯೇ?
— ಒಬ್ಬ ವ್ಯಾಪಾರಿ, ಬಳ್ಳಾರಿ

ಉತ್ತರ: ಅಣ್ಣ, ನಿಮಗೆ ಆಸೆ ತೋರಿಸಿ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ಇಲ್ಲಿ ತೊಂದರೆ ವಿಳಾಸದ್ದಲ್ಲ, ಒಡೆತನದ್ದು. ಗಾಡಿ ಮಾರಿದಾಗ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸ ಮಾಲೀಕರಿಗೆ ಹೋಗುತ್ತದೆ, ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್‌ನಲ್ಲಿ ಹಾಗಿದೆ. ಸ್ವಂತ ಗಾಡಿಯ ಹಾನಿಗೆ ಅದು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಭಾಗ ಬೇಕಾದರೆ ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ನೀವು ಎಷ್ಟೇ ವಿಳಾಸದ ದಾಖಲೆ ಕೊಟ್ಟರೂ ಈ ಬಾಗಿಲಿನ ಖರ್ಚು ಕಂಪನಿಯಿಂದ ಬರುವುದು ಕಷ್ಟ. ಮಾವನೇ ಓಡಿಸುತ್ತಿದ್ದರು, ಇನ್ನೂ ಅವರದೇ ಗಾಡಿ ಅಂತ ಬರೆದುಕೊಡಲು ಯಾರಾದರೂ ಹೇಳಿದರೆ ಕೇಳಬೇಡಿ. ಸುಳ್ಳು ಹೇಳಿಕೆ ಕೊಟ್ಟರೆ ಮಾವನವರೂ ಸಿಕ್ಕಿಕೊಳ್ಳುತ್ತಾರೆ.

ಮುಂದಿನದ್ದನ್ನಾದರೂ ಇವತ್ತೇ ಶುರುಮಾಡಿ. ಆಂಧ್ರದ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮಾರಾಟಕ್ಕೆ ನಮೂನೆ 29 ಮತ್ತು 30, ಎಲ್ಲದಕ್ಕೂ ಮಾವನ ಸಹಿ ಬೇಕು. ಹೊರ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರ್ ತಗೊಳ್ಳಲೇಬೇಕು, ನಿಮ್ಮದು ಆಗಲೇ ದಾಟಿದೆ. ಕರ್ನಾಟಕದ ತೆರಿಗೆ ಕಟ್ಟಬೇಕು, ಅದು ಸಣ್ಣ ಮೊತ್ತ ಅಲ್ಲ, ಹೊಂದಿಸಿಕೊಳ್ಳಿ. ಕೆಎ 34 ನಂಬರ್ ನಿಮ್ಮ ಹೆಸರು, ನಿಮ್ಮ ವಿಳಾಸದಲ್ಲಿ ಬಂದ ಕೂಡಲೇ ಪಾಲಿಸಿಯನ್ನೂ ಹಾಗೇ ಮಾಡಿಸಿ. ಮಾವನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಹೆಸರಿಗೇ ಇರುತ್ತದೆ. ಅವರು ಹೊಸ ಕಾರು ತಗೊಂಡರೆ ಬಳಸಿಕೊಳ್ಳಲಿ, ಹೇಳಿ ಅವರಿಗೆ.

ಪ್ರಶ್ನೆ: ಏಜೆಂಟ್ ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಎರಡೂ ಕಡೆ ಫೋಟೊ ಕೇಳುತ್ತಾನೆ. ಕಳಿಸಬಹುದೇ?
— ಒಬ್ಬ ಓದುಗ, ಗಂಗಾವತಿ

ಉತ್ತರ: ಪೂರ್ತಿ ನಂಬರ್ ಕಾಣುವ ಹಾಗೆ ಕಳಿಸಬೇಡಿ. ಆಧಾರ್ ವೆಬ್‌ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುತ್ತದೆ, ವಿಳಾಸ ಪೂರ್ತಿ ಇರುತ್ತದೆ. ಕಂಪನಿಯ ಸ್ವಂತ ಲಿಂಕಿನಲ್ಲಿ ನೀವೇ ಹಾಕಿದರೆ ಇನ್ನೂ ಒಳ್ಳೆಯದು. ಜೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ಯಾವ ಕಂಪನಿಗೆ, ಯಾವ ಗಾಡಿಯ ಪಾಲಿಸಿಗೆ, ಯಾವ ತಾರೀಖು ಅಂತ ಬರೆದು ಸಹಿ ಹಾಕಿ. ಆಧಾರ್ ಕೊಡಲು ಇಷ್ಟ ಇಲ್ಲದಿದ್ದರೆ ವೋಟರ್ ಕಾರ್ಡೋ ಲೈಸೆನ್ಸೋ ಕೊಡಿ, ಅವೂ ಅಷ್ಟೇ ಮಾನ್ಯ.

ಪ್ರಶ್ನೆ: ಮಾನ್ವಿಯಿಂದ ರಾಯಚೂರಿಗೆ ಮನೆ ಬದಲಿಸಿದೆವು, ಪಾಲಿಸಿಯಲ್ಲಿ ಮಾನ್ವಿ ವಿಳಾಸವೇ ಉಳಿದಿತ್ತು. ಕಾರು ಅಪಘಾತ ಆಯಿತು. ಸರ್ವೇಯರ್ ಬಂದು ನೋಡಿದ್ದಾರೆ, ಗ್ಯಾರೇಜಿನ ಬಿಲ್ ಕೊಟ್ಟಾಗಿದೆ. ಎರಡು ತಿಂಗಳಿಂದ ವಿಳಾಸದ ದಾಖಲೆ ಅಂತ ಒಂದೊಂದೇ ಕೇಳುತ್ತಿದ್ದಾರೆ, ಹಣ ಬಂದಿಲ್ಲ.
— ಒಬ್ಬ ನಿವೃತ್ತ ನೌಕರ, ರಾಯಚೂರು

ಉತ್ತರ: ಹಿರಿಯರೇ, ಇದು ಅನ್ಯಾಯ. ಮನೆ ಬದಲಾದದ್ದು ಮೊದಲೇ ತಿಳಿಸಿದ್ದರೆ ಒಳ್ಳೆಯದಿತ್ತು, ನಿಜ. ಆದರೆ ಗಾಡಿ ನಿಮ್ಮದು, ಆರ್‌ಸಿ ನಿಮ್ಮ ಹೆಸರಲ್ಲಿ, ಪಾಲಿಸಿ ಚಾಲ್ತಿಯಲ್ಲಿದೆ, ಅಪಘಾತ ನಿಜ ಅಂತ ಸರ್ವೇಯರ್ ನೋಡಿದ್ದಾರೆ. ಅದಕ್ಕೆ ಹಳೇ ವಿಳಾಸ ಅನ್ನುವುದು ಕ್ಲೇಮ್ ತಡೆಹಿಡಿಯಲು ಸಾಕಾಗುವ ಕಾರಣ ಅಲ್ಲ. ಹಣ ಬರುವುದು ಬ್ಯಾಂಕ್ ಖಾತೆಗೆ, ಮನೆ ಬಾಗಿಲಿಗಲ್ಲ.

ನಿಮ್ಮ ಪಿಂಚಣಿ ಆದೇಶದಲ್ಲಿ ರಾಯಚೂರು ವಿಳಾಸ ಇದ್ದರೆ ಅದನ್ನು, ಇಲ್ಲದಿದ್ದರೆ ನಿಮ್ಮ ಹೆಸರಿನ ಕರೆಂಟ್ ಬಿಲ್ ಅಥವಾ ಮನೆ ಕಂದಾಯ ರಶೀದಿಯನ್ನು, ಜೊತೆಗೆ ಹಳೇ ಮನೆ, ಹೊಸ ಮನೆ, ಬದಲಿಸಿದ ತಾರೀಖು ಬರೆದ ಒಂದು ಪತ್ರವನ್ನು ಒಟ್ಟಿಗೇ ಕಳಿಸಿ. ಇನ್ನೇನಾದರೂ ಬೇಕಿದ್ದರೆ ಎಲ್ಲವನ್ನೂ ಒಂದೇ ಸಲ ಬರಹದಲ್ಲಿ ತಿಳಿಸಿ ಅಂತ ಅದರಲ್ಲೇ ಬರೆಯಿರಿ. ಈ ಪತ್ರವನ್ನು ಶಾಖೆಗೆ ಅಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಅವರ ಇಮೇಲ್ ಪಾಲಿಸಿಯ ಕೊನೆಯ ಪುಟಗಳಲ್ಲಿ ಇರುತ್ತದೆ. ಎರಡು ವಾರದೊಳಗೆ ಉತ್ತರ ಬರದಿದ್ದರೆ ಬಿಮಾ ಭರೋಸಾ ವೆಬ್‌ಸೈಟಿನಲ್ಲಿ ದೂರು ದಾಖಲಿಸಿ, ಅಥವಾ 155255ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದು ವಿಮಾ ನಿಯಂತ್ರಣ ಪ್ರಾಧಿಕಾರದ್ದು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕಂಪನಿಗೆ ಬರೆದು ಒಂದು ತಿಂಗಳಾದರೂ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವವರು. ನಮ್ಮ ರಾಜ್ಯಕ್ಕೆ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ದೂರನ್ನು ಆನ್‌ಲೈನ್‌ನಲ್ಲೋ ಅಂಚೆಯಲ್ಲೋ ಕಳಿಸಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಅದರ ಬದಲು ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. 2019ರ ಗ್ರಾಹಕ ಕಾಯ್ದೆಯಂತೆ ದೂರುದಾರರು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ಮುಂಬೈಯದ್ದಾದರೂ ಸರಿ. ನಿಮ್ಮಂಥ ಮೊತ್ತಕ್ಕೆ ಅಲ್ಲಿಯೂ ಫೀಸ್ ಇಲ್ಲ. ಎರಡು ಕಡೆ ಒಟ್ಟಿಗೆ ಮಾತ್ರ ಹೋಗಬೇಡಿ, ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ದೂರು ತಗೊಳ್ಳುವುದಿಲ್ಲ.

ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಇಲ್ಲಿಯವರೆಗೆ ಅವರು ಕೇಳಿದ್ದು, ನೀವು ಕೊಟ್ಟದ್ದು, ಎಲ್ಲಾ ಇಮೇಲ್ ಮತ್ತು ಮೆಸೇಜುಗಳನ್ನು ತಾರೀಖಿನ ಪ್ರಕಾರ ಪ್ರಿಂಟ್ ತೆಗೆಸಿ ಒಂದು ಫೈಲ್ ಮಾಡಿ. ಕುಂದುಕೊರತೆ ಅಧಿಕಾರಿಗೆ ಬರೆದ ಮೇಲೂ ಹಣ ಬರದಿದ್ದರೆ ಆ ಫೈಲಿನ ಪ್ರತಿ ನಮ್ಮ ಕಚೇರಿಗೆ ಕಳಿಸಿ, ಓಂಬುಡ್ಸ್‌ಮನ್‌ಗೆ ದೂರು ಬರೆಯಲು ನಾನು ಜೊತೆಗಿರುತ್ತೇನೆ.